ಸನ್ಮಾನಕ್ಕಿಂತ ಸಂಬಳ ಮೇಲು

ಕಲಾವಿದರನ್ನು ತರಬೇತುಗೊಳಿಸಿದರೆ ಸಾಲದು, ಅವರಿಗೆ ದುಡಿಮೆಯೂ ಬೇಕು. 1980ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರವನ್ನು ತೆರೆದ ಕೆ.ವಿ. ಸುಬ್ಬಣ್ಣನವರು ಇದನ್ನರಿತೇ 1985ರಲ್ಲಿ 'ತಿರುಗಾಟ'ವನ್ನು ಕಟ್ಟಿದರು; ಕಲಿತವರಿಗೆ ಊರೂರು ಸುತ್ತಿ ನಾಟಕವಾಡುವ ಕೆಲಸ ದೊರೆಯಿತು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣ ನಟರಿಗೆ ತಿಂಗಳ ಸಂಬಳವನ್ನೇ ಕೊಟ್ಟಿತು.

ಹೊರನಾಡ ಕನ್ನಡಿಗರಾದ ನಾವಾದರೋ ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸಿ, ಶಾಲು ಹೊದಿಸಿ, ಮರುದಿನ ರೈಲು ಹತ್ತಿಸುತ್ತೇವೆ. ಸನ್ಮಾನದಿಂದ ಸಂಸಾರ ಸಾಗದು. ರಂಗಶಿಕ್ಷಣ ಪಡೆದ ಒಬ್ಬರನ್ನು ಮೂರು ತಿಂಗಳು ಇರಿಸಿಕೊಂಡು, ತಕ್ಕ ಸಂಬಳವಿತ್ತು, ನಮ್ಮ ಮಕ್ಕಳಿಗೆ ನಾಟಕ ಕಲಿಸುವಂತೆ ಏಕೆ ಮಾಡಬಾರದು? ಕನ್ನಡ ಓದಲು ಬಾರದ ಮಕ್ಕಳೂ ಮಾತನ್ನು ಬಾಯಿಪಾಠದಿಂದಲೇ ಕಲಿತಾರು. ಒಂದು ಸಂಘಕ್ಕೆ ಹೊರೆಯೆನಿಸಿದರೆ ನಗರದ ನಾಲ್ಕು ಸಂಘಗಳು ಹಂಚಿಕೊಳ್ಳಲಿ. ಸಮಾರಂಭದ ಖರ್ಚಿನ ಒಂದು ಪಾಲನ್ನು ಇದಕ್ಕೆ ಮೀಸಲಿಡುವ ವಿಷಯ ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಬರಲೆಂಬುದು ನನ್ನ ಸೂಚನೆ.