ಮಂಗನ ತಪ್ಪೋ, ಮನುಷ್ಯನದೋ?

ಡಿಸೆಂಬರ್ ಬಂತೆಂದರೆ ಮಲೆನಾಡಿನ ಹಳ್ಳಿಗಳಲ್ಲಿ ಆತಂಕ ಮನೆಮಾಡುತ್ತದೆ. ಕಾಡಂಚಿನಲ್ಲಿ ಮಂಗವೊಂದು ಸತ್ತು ಬಿದ್ದಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಯಾರ ಮನೆಯಲ್ಲಿ ಯಾರಿಗೆ ಜ್ವರ ಬಂದೀತೋ ಎಂಬ ಭೀತಿ. ಮೇ ತಿಂಗಳವರೆಗೂ ಈ ಭೀತಿ ಮುಂದುವರಿಯುತ್ತದೆ. ಆ ಬಳಿಕ ಮಳೆ ಸುರಿಯುತ್ತದೆ, ಸರಕಾರ ಮರೆಯುತ್ತದೆ, ಪತ್ರಿಕೆಗಳೂ ಮರೆಯುತ್ತವೆ. ಈ ಮರೆವಿನಲ್ಲಿ ನಾವೂ ಪಾಲುದಾರರೇ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಲ್ಲಿ ಹೊಸ ವೈರಾಣುವೊಂದನ್ನು ಪತ್ತೆ ಹಚ್ಚಿದರು. ವೈದ್ಯಶಾಸ್ತ್ರವು ಈ ರೋಗಕ್ಕೆ ಕ್ಯಾಸನೂರು ಅರಣ್ಯ ಕಾಯಿಲೆ ಎಂದು ಹೆಸರಿಟ್ಟಿತು. ಜನರು ಮಾತ್ರ ಮಂಗನ ಕಾಯಿಲೆ ಎಂದರು. ಅಂದಿನಿಂದ ಆರೋಪಿಯ ಸ್ಥಾನದಲ್ಲಿ ಮಂಗವೇ ನಿಂತಿದೆ.

ಆದರೆ ವಾಸ್ತವವೇನು? ಈ ವೈರಾಣುವನ್ನು ಮನುಷ್ಯನಿಗೆ ದಾಟಿಸುವುದು ಉಣುಗು ಅಥವಾ ಉಣ್ಣೆ ಎಂದು ಕರೆಯಲ್ಪಡುವ, ರಕ್ತ ಹೀರಿ ಬದುಕುವ ಪುಟ್ಟ ಪರಾವಲಂಬಿ. ಅದರ ಮರಿಗಳು ಕಾಡಿನ ಇಲಿ, ಸುಂಡಿಲಿಗಳ ಮೈಮೇಲೆ ಬೆಳೆಯುತ್ತವೆ. ಬಲಿತ ಉಣುಗುಗಳು ದನಕರುಗಳ ರಕ್ತ ಹೀರಿ ಸಂತಾನ ವೃದ್ಧಿಸಿಕೊಳ್ಳುತ್ತವೆ. ಮಂಗವಾದರೋ ಸೋಂಕು ತಗಲಿ ಮನುಷ್ಯನಂತೆಯೇ ಸಾಯುತ್ತದೆ. ಸತ್ತ ಮಂಗದ ಮೈಯಿಂದ ಉದುರಿದ ಸೋಂಕಿತ ಉಣುಗುಗಳು ಸುತ್ತಲಿನ ನೆಲದಲ್ಲಿ ಹರಡಿ ಮುಂದಿನ ಬಲಿಗಾಗಿ ಕಾಯುತ್ತವೆ. ಅಂದರೆ ಮಂಗವು ಅಪರಾಧಿಯಲ್ಲ, ಮೊದಲ ಬಲಿಪಶು. ಅದರ ಸಾವು ನಮಗೆ ಮೊದಲ ಎಚ್ಚರಿಕೆ.

1957ಕ್ಕೆ ಮುನ್ನವೂ ಈ ವೈರಾಣು ಕಾಡಿನೊಳಗೆ ಸದ್ದಿಲ್ಲದೆ ಇದ್ದಿರಬೇಕೆಂಬುದು ವಿಜ್ಞಾನಿಗಳ ಅಭಿಪ್ರಾಯ. ಹಾಗಾದರೆ ಅದು ಹೊರಬಂದದ್ದೇಕೆ? ಕಾಡು ಕಡಿದು ಹೊಲ ಮಾಡಲಾಯಿತು. ಉಳಿದ ಕಾಡಿನೊಳಗೆ ದನಗಳು ಮೇಯತೊಡಗಿದವು. ದನಗಳಿದ್ದಲ್ಲಿ ಉಣುಗುಗಳು ಹೆಚ್ಚಿದವು. 1960ರ ದಶಕದಲ್ಲಿಯೇ ಸಂಶೋಧಕರು ಇದರತ್ತ ಬೊಟ್ಟು ಮಾಡಿದ್ದರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಈ ಕಾಯಿಲೆ ಭೀಕರವಾಗಿ ಹರಡಿದ್ದು ಕೂಡ ಗೇರು ತೋಟಕ್ಕಾಗಿ ಕಾಡನ್ನು ಕಡಿದುರುಳಿಸಿದ ಬಳಿಕವೇ. 2012ರ ಅನಂತರ ಅದು ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಾಣಿಸಿಕೊಂಡಿತು. ಕಾಡು ತುಂಡುತುಂಡಾಗಿ, ತೋಟ, ಗದ್ದೆಗಳ ನಡುವೆ ಸಿಲುಕಿದಲ್ಲೆಲ್ಲ ಮನುಷ್ಯ, ಜಾನುವಾರು ಮತ್ತು ವನ್ಯಜೀವಿಗಳು ಒಂದೇ ನೆಲವನ್ನು ತುಳಿಯುತ್ತಿರುವುದು ಕಾಕತಾಳೀಯವೇನಲ್ಲ.

ಇದರ ಬೆಲೆ ತೆರುತ್ತಿರುವವರು ಯಾರು? ತರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಕೂಲಿಕಾರರು, ಸಣ್ಣ ರೈತರು, ಬುಡಕಟ್ಟು ಜನರು. ಆ ತರಗೆಲೆ ಕೊಟ್ಟಿಗೆಗೆ ಹಾಸಾಗಿ, ಅಡಿಕೆ ತೋಟಕ್ಕೆ ಗೊಬ್ಬರವಾಗುತ್ತದೆ. ಆ ಅಡಿಕೆ ಪೇಟೆಯಲ್ಲಿರುವ ನಮ್ಮ ಅಂಗಡಿಗಳಿಗೆ ಬರುತ್ತದೆ. ಆದ್ದರಿಂದ ಇದು ಯಾವುದೋ ದೂರದ ಕಾಡಿನ ಸಮಸ್ಯೆ ಎಂದು ಪೇಟೆಯವರು ಕೈತೊಳೆದುಕೊಳ್ಳುವಂತಿಲ್ಲ. ಕಾಡಿಗೆ ಹೋಗಬೇಡಿ ಎಂದು ಬಡವರಿಗೆ ಉಪದೇಶಿಸುವುದು ಬಹಳ ಸುಲಭ. ಆದರೆ ಒಲೆ ಉರಿಯಲು, ಕೊಟ್ಟಿಗೆಗೆ ಹಾಸಲು ಪರ್ಯಾಯವೇನೆಂದು ಹೇಳದ ಉಪದೇಶಕ್ಕೆ ಏನು ಬೆಲೆ?

ಸೋಂಕಿಗೊಳಗಾದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಪ್ರಾಣ ಕಳೆದುಕೊಳ್ಳುತ್ತಾರೆ. ಇದಕ್ಕೆಂದೇ ಇರುವ ಔಷಧವಿಲ್ಲ. 1990ರಿಂದ ನೀಡಲಾಗುತ್ತಿದ್ದ ಲಸಿಕೆಯು ಪರಿಣಾಮ ಕಳೆದುಕೊಂಡುದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಸಂಶೋಧನೆಗೆ ವೇಗ ಬಂದದ್ದು ಆಮೇಲೆ. ಇದೇ ಕಾಯಿಲೆ ಮಹಾನಗರವೊಂದನ್ನು ಕಾಡಿದ್ದರೆ ಇಷ್ಟೊಂದು ಸಾವಧಾನ ಇರುತ್ತಿತ್ತೇ?

ತೋಟಕ್ಕೆ ನುಗ್ಗುವ ಮಂಗಗಳ ಮೇಲೆ ರೈತನಿಗೆ ಸಿಟ್ಟು ಬರುವುದು ಸಹಜ. ಅವನ ನಷ್ಟಕ್ಕೆ ಪರಿಹಾರ ಸಿಗಲೇಬೇಕು. ಆದರೆ ಮಂಗಗಳನ್ನು ಕೊಂದರೆ ಉಣುಗು ಸಾಯುವುದಿಲ್ಲ, ಇಲಿಗಳ ನಡುವೆ ಉಳಿದ ವೈರಾಣುವೂ ಸಾಯುವುದಿಲ್ಲ. ಸತ್ತ ಮಂಗವನ್ನು ಕಂಡವರು ಅದನ್ನು ಮುಟ್ಟದೆ, ಅದರ ಬಳಿ ಸುಳಿಯದೆ, ಕೂಡಲೇ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಕಾಡಿಗೆ ಹೋಗುವವರು ಉಣುಗು ನಿರೋಧಕ ತೈಲ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಬೇಕು. ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು, ಆ ಬಟ್ಟೆಗಳನ್ನು ಒಗೆಯಬೇಕು. ಜ್ವರ ಬಂದರೆ ತಡಮಾಡಬಾರದು. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯ ಕೂಡ.

ಸರಕಾರವಾದರೋ ಡಿಸೆಂಬರ್‌ಗೆ ಕಾಯದೆ ಮಳೆಗಾಲದಲ್ಲೇ ಸಿದ್ಧತೆ ಆರಂಭಿಸಬೇಕು. ಆರೋಗ್ಯ, ಪಶುಸಂಗೋಪನೆ, ಅರಣ್ಯ ಇಲಾಖೆಗಳು ಮೂರು ದಿಕ್ಕಿಗೆ ಮುಖ ಮಾಡಿ ಕುಳಿತರೆ ಉಣುಗು ಅವುಗಳ ನಡುವಿನ ಸಂದಿಯಲ್ಲೇ ನುಸುಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಉಳಿದಿರುವ ಕಾಡನ್ನು ಮತ್ತೆ ಚೂರುಮಾಡುವ ಪ್ರತಿಯೊಂದು ಯೋಜನೆಯ ಲೆಕ್ಕದಲ್ಲಿ ಈ ಜ್ವರದ ಸಾವುಗಳನ್ನೂ ಸೇರಿಸಬೇಕು. ಅಷ್ಟು ಪ್ರಾಮಾಣಿಕತೆ ನಮ್ಮನ್ನಾಳುವವರಿಗೆ ಇದೆಯೇ?