ಜೀವನಾಂಶದ ಅರ್ಜಿಗೆ ವಿಳಂಬವೇಕೆ?

ತಲಾಕ್ ಅಥವಾ ಖುಲಾದ ಮಾತುಕತೆ ಜಮಾಅತಿನ ಮುಂದೆ ತಿಂಗಳುಗಟ್ಟಲೆ ಸಾಗುತ್ತದೆ. ಹಿರಿಯರು ಸೇರುತ್ತಾರೆ, ಚದುರುತ್ತಾರೆ, ಮತ್ತೊಂದು ಶುಕ್ರವಾರಕ್ಕೆ ಮುಂದೂಡುತ್ತಾರೆ. ಸಂಧಾನ ಸ್ತುತ್ಯರ್ಹವೇ. ಆದರೆ ಅಷ್ಟೂ ದಿನ ತವರಿನಲ್ಲಿ ಕುಳಿತ ಹೆಣ್ಣುಮಗಳ ಅನ್ನ, ಔಷಧಿ, ಮಕ್ಕಳ ಶಾಲಾ ಶುಲ್ಕವನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಆ ಸಭೆಗಳಲ್ಲಿ ಏಳುವುದೇ ಅಪರೂಪ. ಇದ್ದತ್‌ನಲ್ಲಿರುವ ಪತ್ನಿಗೆ ತನ್ನ ಸಾಮರ್ಥ್ಯಕ್ಕೆ ತಕ್ಕಂತೆ ವಸತಿ ಒದಗಿಸುವ ಹೊಣೆಯನ್ನು ಪವಿತ್ರ ಕುರ್‌ಆನ್‌ನ ಅತ್ತಲಾಕ್ ಅಧ್ಯಾಯವು ಪತಿಗೆ ವಹಿಸಿದೆ. ಹೀಗಿರುವಾಗ ತನ್ನ ಖರ್ಚನ್ನು ಕೇಳಿದವಳನ್ನು 'ಕೋರ್ಟು ಹತ್ತಿದವಳು' ಎಂದು ಜರೆಯುವುದು ಯಾವ ಶರೀಅತ್?

ಪ್ರಕರಣ ಇತ್ಯರ್ಥವಾಗುವ ತನಕ ಸಿಗುವ ಮಧ್ಯಂತರ ಜೀವನಾಂಶಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. 2024ರ ಜುಲೈ 1ರ ತನಕ ಇದು ದಂಡಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಆಗಿತ್ತು. ವಿಚ್ಛೇದಿತ ಮುಸ್ಲಿಮ್ ಮಹಿಳೆಗೂ ಆ ಸೆಕ್ಷನ್ ಅನ್ವಯಿಸುತ್ತದೆಂದು ಸುಪ್ರೀಮ್ ಕೋರ್ಟ್ ಅದೇ ಜುಲೈ 10ರಂದು ತೀರ್ಪಿತ್ತಿದೆ. ಗಂಡನ ಊರಿಗೇ ಅಲೆಯಬೇಕಿಲ್ಲ. ತಾನು ವಾಸಿಸುವಲ್ಲಿಯೇ ಆಕೆ ಅರ್ಜಿ ಹಾಕಬಹುದು. ನೋಟಿಸು ತಲುಪಿದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ಮಧ್ಯಂತರ ಅರ್ಜಿ ತೀರ್ಮಾನವಾಗಬೇಕೆನ್ನುತ್ತದೆ ಕಾನೂನು. ವಾಸ್ತವದಲ್ಲಿ ಅದಕ್ಕಿಂತ ತಡವಾಗುವುದುಂಟು.

ನಮ್ಮ ಕುಟುಂಬಗಳು ಮುಖ್ಯವಾಗಿ ಅರಿಯಬೇಕಾದ ಅಂಶವೊಂದಿದೆ. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದ ಲೆಕ್ಕ ಹಾಕಬೇಕೆಂದು 2020ರ ನವೆಂಬರ್ 4ರ ರಜನೇಶ್-ನೇಹಾ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟ್ ಹೇಳಿದೆ. ಅಂದರೆ, ಅರ್ಜಿಯಿಲ್ಲದೆ ಕಾದು ಕಳೆದ ತಿಂಗಳುಗಳ ಹಣ ಆ ಲೆಕ್ಕಕ್ಕೆ ಸೇರುವುದಿಲ್ಲ. ಸಂಧಾನ ನಡೆಯಲಿ, ಜೊತೆಗೆ ಅರ್ಜಿಯೂ ಇರಲಿ. ರಾಜಿಯಾದರೆ ಅದನ್ನು ಹಿಂಪಡೆಯುವುದಕ್ಕೇನೂ ಅಡ್ಡಿಯಿಲ್ಲ.

ಅದೇ ತೀರ್ಪಿನಂತೆ ಗಂಡ, ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಅಫಿಡವಿಟ್‌ನಲ್ಲಿ ಘೋಷಿಸಬೇಕು. 'ಕಷ್ಟದಲ್ಲಿದ್ದೇನೆ' ಎಂಬ ಒಂದೇ ಸಾಲು ಅಲ್ಲಿ ಸಾಲದು. ಬಾಡಿಗೆ ರಶೀದಿ, ಶಾಲೆಯ ಶುಲ್ಕದ ಚೀಟಿ, ಔಷಧಿಯ ಬಿಲ್ಲು, ನಿಕಾಹ್‌ನಾಮೆಯ ಪ್ರತಿ, ಮಕ್ಕಳ ಜನನ ಪತ್ರ ಇವನ್ನೆಲ್ಲ ಜೋಡಿಸಿಡಬೇಕು. ಗಂಡ ಗಲ್ಫಿನಲ್ಲಿದ್ದರೆ, ಈ ಹಿಂದೆ ಆತ ಕಳುಹಿಸುತ್ತಿದ್ದ ಮೊತ್ತವಿರುವ ಪಾಸ್‌ಬುಕ್ಕಿನ ಪುಟಗಳೇ ಆತನ ದುಡಿಮೆಗೆ ಬಲವಾದ ಪುರಾವೆ. ತಾನು ಹೊಲಿಗೆಯಿಂದಲೋ ಟ್ಯೂಶನ್‌ನಿಂದಲೋ ಗಳಿಸುವ ಹಣವನ್ನು ಆಕೆಯೂ ಮುಚ್ಚಿಡಬಾರದು. ಸುಳ್ಳು ಬಯಲಾದರೆ ನಿಜವಾದ ಬೇಡಿಕೆಯೂ ದುರ್ಬಲವಾಗುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂಬುದೂ ಕಾರಣವಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಆದಾಯ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವಿಗೆ ಅರ್ಹರು. ತಾಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯ ಬಾಗಿಲಿನವರೆಗೆ ಆಕೆಯ ಜೊತೆ ಹೋಗಲು ಜಮಾಅತಿನ ಒಬ್ಬ ಪದಾಧಿಕಾರಿಗಾದರೂ ಬಿಡುವಿರಬಾರದೇ?