ಗುಳಿಗೆ ನುಂಗಿದ ಹೆಂಗಸರು

1956ನೆಯ ಇಸವಿಯ ಏಪ್ರಿಲ್ ತಿಂಗಳು. ಕೆರಿಬಿಯನ್ ಸಮುದ್ರದಲ್ಲಿ, ಅಮೆರಿಕದ ಆಡಳಿತಕ್ಕೆ ಒಳಪಟ್ಟ ಪೋರ್ಟೋ ರಿಕೋ ಎಂಬ ದ್ವೀಪ. ಅದರ ರಾಜಧಾನಿಯಾದ ಸಾನ್ ಹ್ವಾನ್ ನಗರದ ಮಗ್ಗುಲಿಗಿದ್ದ ರಿಯೋ ಪಿಯೆದ್ರಾಸ್‌ನಲ್ಲಿ, ಕೊಳಚೆಯ ಗುಡಿಸಲುಗಳನ್ನು ತೆಗೆದು ಬಡವರಿಗಾಗಿ ಹೊಸದಾಗಿ ಕಟ್ಟಿಸಿದ್ದ ಮನೆಗಳ ಸಾಲು. ಆ ಮನೆಗಳಲ್ಲಿದ್ದ ತಾಯಂದಿರ ಕೈಗೆ ಗುಳಿಗೆಗಳು ಬಂದವು. ತಿಂಗಳಿಗೆ 20 ದಿನ, ದಿನಕ್ಕೊಂದರಂತೆ ತಪ್ಪದೆ ನುಂಗಿದರೆ ಬಸಿರಾಗುವ ಭಯವಿಲ್ಲವೆಂದು ಅವರಿಗೆ ತಿಳಿಸಲಾಯಿತು. ಒಂದರ ಹಿಂದೊಂದು ಹೆರಿಗೆಯಿಂದ ಬಸವಳಿದಿದ್ದ ಆ ಹೆಂಗಸರು ಸಂತೋಷದಿಂದಲೇ ಕೈ ಚಾಚಿದರು.

ಹೇಳಿದ ಮಾತು ಸುಳ್ಳಲ್ಲ. ಆದರೆ ಹೇಳದೆ ಬಿಟ್ಟ ಮಾತೂ ಒಂದಿತ್ತು. ಆ ಗುಳಿಗೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಅದನ್ನು ನುಂಗುವವರ ದೇಹವೇ ಆ ಪರೀಕ್ಷೆಯ ಕಣ, ಅದರಿಂದ ಕೇಡಾಗಲೂಬಹುದು ಎಂಬುದನ್ನು ಅವರಿಗೆ ಯಾರೂ ತಿಳಿಸಲಿಲ್ಲ. ಇಂದು ಕೋಟ್ಯಂತರ ಸಂಸಾರಗಳ ಭಾರವನ್ನು ಹಗುರಗೊಳಿಸಿರುವ ಗರ್ಭನಿರೋಧಕ ಗುಳಿಗೆಯ ಚರಿತ್ರೆಯಲ್ಲಿ ಈ ಮೌನಕ್ಕೂ ಒಂದು ಅಧ್ಯಾಯವಿದೆ.

ಗುಳಿಗೆಯನ್ನು ಬಯಸಿದವರ ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಾರರು. ಅದರ ಕನಸು ಕಂಡಾಕೆ ಮಾರ್ಗರೆಟ್ ಸ್ಯಾಂಗರ್. ಆಕೆಯ ತಾಯಿ 18 ಬಾರಿ ಗರ್ಭ ಧರಿಸಿ, 11 ಮಕ್ಕಳನ್ನು ಹೆತ್ತು, ಐವತ್ತರ ಹೊಸ್ತಿಲಲ್ಲೇ ತೀರಿಕೊಂಡವಳು. ದಾದಿಯಾಗಿ ಬಡವರ ಕೇರಿಗಳಲ್ಲಿ ಓಡಾಡಿದ ಸ್ಯಾಂಗರ್ 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯವೊಂದನ್ನು ತೆರೆದು, ಅದಕ್ಕಾಗಿ ಸೆರೆಮನೆಯನ್ನೂ ಕಂಡಳು. ಆಕೆಯ ಗೆಳತಿ ಕ್ಯಾಥರೀನ್ ಮೆಕಾರ್ಮಿಕ್ ವಿಜ್ಞಾನ ಓದಿದ ಶ್ರೀಮಂತೆ. ಸಂಶೋಧನೆಗೆಂದು ಆಕೆ ಸುರಿದ ಹಣ ಸುಮಾರು 20 ಲಕ್ಷ ಡಾಲರು. ಆ ಹಣದಿಂದ ದುಡಿದವರು ಗ್ರೆಗೊರಿ ಪಿಂಕಸ್ ಎಂಬ ಜೀವವಿಜ್ಞಾನಿ ಮತ್ತು ಅವನ ಸಹೋದ್ಯೋಗಿ, ಚೀನದಿಂದ ಬಂದ ಚಾಂಗ್. ಇವರೊಡನೆ ಸೇರಿದ ಸ್ತ್ರೀರೋಗ ತಜ್ಞ ಜಾನ್ ರಾಕ್, ಮಕ್ಕಳಾಗದ ದಂಪತಿಗಳಿಗೆ ಚಿಕಿತ್ಸೆ ನೀಡಿ ಹೆಸರಾದವನು!

ಗುಳಿಗೆಯ ಗುಟ್ಟು ಪ್ರಕೃತಿಯದೇ. ಬಸುರಿಯ ದೇಹದಲ್ಲಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಏರಿ ನಿಂತು, ಮತ್ತೊಂದು ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಅಂಥದೇ ವಸ್ತುವನ್ನು ಹೊರಗಿನಿಂದ ಒದಗಿಸಿದರೆ ಅಂಡಾಶಯ ವಿಶ್ರಮಿಸುತ್ತದೆ, ಅಂಡವಿಲ್ಲದೆ ಬಸಿರಿಲ್ಲ. ಮೊದಲು ಚಿನ್ನದಂತೆ ದುಬಾರಿಯಾಗಿದ್ದ ಈ ಹಾರ್ಮೋನು ಮೆಕ್ಸಿಕೋ ದೇಶದ ಒಂದು ಬಗೆಯ ಕಾಡುಗೆಣಸಿನಿಂದ ಅಗ್ಗವಾಗಿ ದೊರೆಯತೊಡಗಿತು. ಬಾಯಿಂದ ಸೇವಿಸಬಹುದಾದ ಅದರ ಕೃತಕ ರೂಪಗಳು 1950ರ ದಶಕದ ಆರಂಭದಲ್ಲಿ ಸಿದ್ಧವಾದವು.

ಇನ್ನು ಉಳಿದುದು ಹೆಂಗಸರ ಮೇಲಿನ ದೊಡ್ಡ ಪ್ರಮಾಣದ ಪರೀಕ್ಷೆ. ಪಿಂಕಸ್ ಮತ್ತು ರಾಕ್ ವಾಸವಾಗಿದ್ದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಗರ್ಭನಿರೋಧದ ಸಾಧನ ಕೊಡುವುದೇ ಅಪರಾಧ. ಪೋರ್ಟೋ ರಿಕೋದಲ್ಲಿ ಅಂಥ ತಡೆಯಿರಲಿಲ್ಲ. ಅಲ್ಲಿ ಬಡತನವಿತ್ತು, ಜನಸಂದಣಿಯಿತ್ತು, ಕುಟುಂಬ ಯೋಜನೆಯ ಚಿಕಿತ್ಸಾಲಯಗಳೂ ಇದ್ದವು. ಹೀಗೆ ದ್ವೀಪದ ಬಡ ತಾಯಂದಿರು ಮೊದಲಿಗರಾದರು.

ಪರೀಕ್ಷೆಯ ಉಸ್ತುವಾರಿ ವಹಿಸಿದ್ದ ಡಾಕ್ಟರ್ ಎಡ್ರಿಸ್ ರೈಸ್‌ರೇ ಒಬ್ಬ ಮಹಿಳೆ. ಕ್ರಮ ತಪ್ಪದೆ ನುಂಗಿದವರಿಗೆ ಗುಳಿಗೆ ಪೂರ್ಣ ರಕ್ಷಣೆ ನೀಡುತ್ತದೆಂದು ಆಕೆ ವರದಿ ಮಾಡಿದಳು. ಜೊತೆಗೆ ಇನ್ನೊಂದು ಮಾತನ್ನೂ ಬರೆದಳು: ನುಂಗಿದವರಲ್ಲಿ ನೂರಕ್ಕೆ 17 ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವು, ಎಲ್ಲರಿಗೂ ಕೊಡುವುದಕ್ಕೆ ಈ ತೊಂದರೆ ಮಿತಿಮೀರಿದ್ದು. ಪಿಂಕಸ್ ಮತ್ತು ರಾಕ್ ಈ ಮಾತಿಗೆ ಬೆಲೆ ಕೊಡಲಿಲ್ಲ. ಹೆಂಗಸರ ದೂರುಗಳಲ್ಲಿ ಬಹುಪಾಲು ಮನಸ್ಸಿನ ಭ್ರಮೆಯೆಂದೇ ಪಿಂಕಸನ ತೀರ್ಮಾನ. ತಲೆಸುತ್ತು ತಾಳಲಾರದೆ ಅನೇಕರು ಗುಳಿಗೆಯನ್ನು ನಡುವೆಯೇ ನಿಲ್ಲಿಸಿದರು. ನಿಲ್ಲಿಸಿದವರಲ್ಲಿ ಹಲವರು ಮತ್ತೆ ಬಸುರಿಯರಾದರು. ವಿಜ್ಞಾನಿಗಳ ಲೆಕ್ಕದಲ್ಲಿ ಅದು ಗುಳಿಗೆಯ ಶಕ್ತಿಗೆ ಪುರಾವೆ. ಆ ತಾಯಿಯ ಲೆಕ್ಕದಲ್ಲಿ? ಇದ್ದ ರೊಟ್ಟಿಯಲ್ಲೇ ಇನ್ನೊಂದು ಪಾಲು. ಪರೀಕ್ಷೆಯ ಅವಧಿಯಲ್ಲಿ ಮೂವರು ಹೆಂಗಸರು ಸತ್ತರು. ಆ ಸಾವಿಗೆ ಗುಳಿಗೆ ಕಾರಣವೋ ಅಲ್ಲವೋ ಎಂಬುದು ಎಂದೆಂದಿಗೂ ತಿಳಿಯದು. ಏಕೆಂದರೆ ಆ ಬಗ್ಗೆ ಯಾವ ತನಿಖೆಯೂ ನಡೆಯಲಿಲ್ಲ.

'ಎನೋವಿಡ್' ಎಂಬ ಹೆಸರಿನ ಆ ಗುಳಿಗೆಗೆ ಅಮೆರಿಕ ಸರ್ಕಾರ 1957ರಲ್ಲಿ ಮುಟ್ಟಿನ ದೋಷಗಳ ಔಷಧವೆಂದೂ, 1960ರಲ್ಲಿ ಗರ್ಭನಿರೋಧಕವೆಂದೂ ಒಪ್ಪಿಗೆ ನೀಡಿತು. ಲಕ್ಷಾಂತರ ಮಹಿಳೆಯರು ಅದನ್ನು ಸ್ವಾಗತಿಸಿದರು. ಓದು, ಉದ್ಯೋಗ, ಆರೋಗ್ಯ, ಇರುವ ಮಕ್ಕಳ ಪಾಲನೆ, ಇವುಗಳಿಗೆ ಬಿಡುವು ದೊರೆತುದು ಸಾಮಾನ್ಯ ಲಾಭವಲ್ಲ. ಆದರೆ 1961ರಲ್ಲೇ ಇಂಗ್ಲೆಂಡಿನ ಡಾಕ್ಟರೊಬ್ಬರು, ಈ ಗುಳಿಗೆ ಸೇವಿಸುತ್ತಿದ್ದ ದಾದಿಯೊಬ್ಬಳ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದುದನ್ನು 'ಲ್ಯಾನ್ಸೆಟ್' ವೈದ್ಯಪತ್ರಿಕೆಗೆ ಬರೆದು ತಿಳಿಸಿದರು. ಕ್ರಮೇಣ ಅಂಥ ವರದಿಗಳು ಹೆಚ್ಚಿದವು. ಮೊದಲ ಗುಳಿಗೆಯಲ್ಲಿದ್ದ ಈಸ್ಟ್ರೋಜನ್ 150 ಮೈಕ್ರೋಗ್ರಾಂ. ದೋಷದ ಮೂಲ ಬಹುಮಟ್ಟಿಗೆ ಅಲ್ಲಿತ್ತು. 1969ರ ಕೊನೆಗೆ ಬ್ರಿಟನ್ನಿನ ತಜ್ಞ ಸಮಿತಿ, 50 ಮೈಕ್ರೋಗ್ರಾಂ ಮೀರದ ಗುಳಿಗೆಗಳನ್ನಷ್ಟೇ ಬರೆದುಕೊಡಬೇಕೆಂದು ವೈದ್ಯರಿಗೆ ಸಲಹೆಯಿತ್ತಿತು.

1970ರ ಜನವರಿಯಲ್ಲಿ ಅಮೆರಿಕದ ಸೆನೆಟಿನಲ್ಲಿ ಗೇಲಾರ್ಡ್ ನೆಲ್ಸನ್ ಎಂಬ ಸದಸ್ಯರ ಅಧ್ಯಕ್ಷತೆಯಲ್ಲಿ ಗುಳಿಗೆಯ ವಿಚಾರಣೆ ನಡೆಯಿತು. ಸಾಕ್ಷಿ ನುಡಿಯಲು ಡಾಕ್ಟರುಗಳು ಬಂದರು, ವಿಜ್ಞಾನಿಗಳು ಬಂದರು. ಗುಳಿಗೆ ನುಂಗಿದ ಒಬ್ಬ ಹೆಂಗಸನ್ನಾದರೂ ಕರೆದಿರಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿ ಆಲಿಸ್ ವುಲ್ಫ್‌ಸನ್ ಎಂಬಾಕೆಯೂ ಸಂಗಾತಿಗಳೂ ಕುಳಿತಿದ್ದರು. ಅವರು ಎದ್ದು ನಿಂತು, ನಮ್ಮನ್ನೇಕೆ ಕೇಳುವುದಿಲ್ಲ, ಅಪಾಯವನ್ನು ನಮಗೇಕೆ ಹೇಳಲಿಲ್ಲ ಎಂದು ಸಭೆಯನ್ನೇ ತಡೆದರು. ಗದ್ದಲವೆಂದು ಹಲವರು ಮೂಗು ಮುರಿದಿರಬಹುದು. ಆದರೆ ಆ ಗದ್ದಲದ ಫಲವಾಗಿ ಅದೇ ವರ್ಷ, ಸೇವಿಸುವವರೇ ಓದಿ ತಿಳಿಯುವಂತೆ ಎಚ್ಚರಿಕೆಯ ಚೀಟಿಯೊಂದನ್ನು ಗುಳಿಗೆಯ ಪೊಟ್ಟಣದಲ್ಲಿಡಬೇಕೆಂಬ ಆಜ್ಞೆ ಹೊರಟಿತು. ಇಂದಿನ ಗುಳಿಗೆಗಳಲ್ಲಿ ಈಸ್ಟ್ರೋಜನ್ ಸಾಮಾನ್ಯವಾಗಿ 20ರಿಂದ 35 ಮೈಕ್ರೋಗ್ರಾಂ ಮಾತ್ರ.

ಸಂತಾನ ನಿಯಂತ್ರಣದ ವಿಷಯ ನಮ್ಮ ನಾಡಿಗೆ ಹೊಸದಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರ ಇದಕ್ಕಾಗಿ ತನ್ನ ಆಸ್ಪತ್ರೆಗಳಲ್ಲಿ ಚಿಕಿತ್ಸಾಲಯ ತೆರೆದು, ಜಗತ್ತಿಗೇ ಮೇಲ್ಪಂಕ್ತಿ ಹಾಕಿತು. ಇಂದು ಸರ್ಕಾರ ಉಚಿತವಾಗಿ ಹಂಚುವ 'ಮಾಲಾ-ಎನ್' ಪಟ್ಟಿಯಲ್ಲಿ 28 ಗುಳಿಗೆಗಳು: 21 ಹಾರ್ಮೋನಿನವು, ಉಳಿದ 7 ಕಬ್ಬಿಣದ ಸತ್ವದವು. ಹಾರ್ಮೋನು ಒಗ್ಗದವರಿಗೆ ಲಕ್ನೋದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ, 1991ರಲ್ಲಿ 'ಸಹೇಲಿ' ಎಂಬ ಹೆಸರಿನಿಂದ ಬಳಕೆಗೆ ಬಂದ ಗುಳಿಗೆಯುಂಟು; ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು.

ಇಷ್ಟೆಲ್ಲ ಅನುಕೂಲವಿದ್ದರೂ ಬೇಡದ ಬಸಿರು ಏಕೆ ನಿಲ್ಲುತ್ತದೆ? ಕ್ರಮ ತಪ್ಪದೆ ಸೇವಿಸಿದರೆ ವರ್ಷಕ್ಕೆ ನೂರರಲ್ಲಿ ಒಬ್ಬಳಿಗೂ ಬಸಿರಾಗದು. ಆದರೆ ಮರೆವು, ಪ್ರಯಾಣ, ವಾಂತಿಭೇದಿಗಳ ನಡುವೆ ನಡೆಯುವ ನಿತ್ಯದ ಬಳಕೆಯಲ್ಲಿ ಸುಮಾರು ಏಳು ಮಂದಿಗೆ ಆಗುತ್ತದೆ. ಮರೆವಿಲ್ಲದೆಯೂ ಆಗುವುದುಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧವೂ ಮೂರ್ಛೆರೋಗದ ಕೆಲವು ಮಾತ್ರೆಗಳೂ ಗುಳಿಗೆಯ ಹಾರ್ಮೋನನ್ನು ಯಕೃತ್ತು ಬೇಗ ಕರಗಿಸಿಬಿಡುವಂತೆ ಮಾಡುತ್ತವೆ. ಒಬ್ಬ ವೈದ್ಯರ ಚೀಟಿಯನ್ನು ಇನ್ನೊಬ್ಬ ವೈದ್ಯರಿಗೆ ತೋರಿಸದೆ, ಸಂಕೋಚದಿಂದ ಮರೆಮಾಡಿದ ಗೃಹಿಣಿ ಬಸುರಿಯಾದರೆ ತಪ್ಪು ಆಕೆಯದಲ್ಲ. ಆ ಸಂಕೋಚವನ್ನು ಕಲಿಸಿದ ಮನೆಯದು. ಹಾಗೆ ಬಸಿರು ನಿಂತಾಗ ಗುಳಿಗೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ತಿಳಿಯದೆ ನುಂಗಿದ ಗುಳಿಗೆಯಿಂದ ಮಗು ಊನವಾಗುವುದೆಂಬ ಭಯಕ್ಕೆ ಆಧಾರವಿಲ್ಲ.

ಅಪಾಯ ಅಪರೂಪವೇ ಸರಿ, ಇಲ್ಲವೆಂದಲ್ಲ. ರಕ್ತದೊತ್ತಡವಿರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಅರೆತಲೆನೋವು ಬರುವವರು, 35 ದಾಟಿದ ಧೂಮಪಾನಿಗಳು, ಹಸುಗೂಸಿಗೆ ಹಾಲೂಡುವವರು ಈಸ್ಟ್ರೋಜನ್ ಗುಳಿಗೆಯನ್ನು ತಮ್ಮಷ್ಟಕ್ಕೆ ಆರಂಭಿಸಬಾರದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಏದುಸಿರು, ಹಠಾತ್ತನೆ ಬರುವ ತೀವ್ರ ತಲೆನೋವು, ದೃಷ್ಟಿ ಮಸುಕಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಅದನ್ನು ಹೆಂಗಸಿನ ಭ್ರಮೆಯೆಂದು ತಳ್ಳಿಹಾಕುವ ತಪ್ಪು ಒಮ್ಮೆ ನಡೆದುಹೋಗಿದೆ.

ಪೊಟ್ಟಣದೊಳಗೆ ಮಡಿಸಿಟ್ಟ ಆ ತೆಳುವಾದ ಚೀಟಿಯನ್ನು ಬಹಳ ಮಂದಿ ಬಿಡಿಸದೆಯೇ ಎಸೆಯುತ್ತಾರೆ. ರಿಯೋ ಪಿಯೆದ್ರಾಸ್‌ನ ತಾಯಂದಿರಿಗೆ ದೊರೆಯದ ಚೀಟಿ ಅದು. ಒಂದು ಸಂಜೆ ಗಂಡಹೆಂಡಿರಿಬ್ಬರೂ ದೀಪದ ಕೆಳಗೆ ಕುಳಿತು, ಅದನ್ನು ಬಿಡಿಸಿ ಪೂರ್ತಿಯಾಗಿ ಓದುವುದು ಒಳ್ಳೆಯದು.